ಎರಡು ದಿನಕ್ಕೆಂದು ತಂದ ಮೀಟರು

ಶವಸಂಸ್ಕಾರ ಮುಗಿದ ಮೂರನೆಯ ದಿನ ನೆಂಟರೆಲ್ಲ ಹೊರಟುಹೋದರು. ನಾಲ್ಕನೆಯ ದಿನ ಬೆಳಗ್ಗೆ ಹಾಲಿನವನು ಎಂದಿನಂತೆ ಬಂದು ಎಂದಿನಷ್ಟೇ ಹಾಲು ಇಟ್ಟುಹೋದ. ಅತ್ತೆ ಅಭ್ಯಾಸಬಲದಿಂದ ಐದು ಮೊಟ್ಟೆ ಬೇಯಿಸಿದರು. ಮೇಜಿನ ಸುತ್ತ ನಾಲ್ವರು ಕೂತರು. ಐದನೆಯ ಮೊಟ್ಟೆ ತಟ್ಟೆಯ ನಡುವೆ ಉಳಿಯಿತು.

ಅದರ ಕಡೆ ಯಾರೂ ನೋಡಲಿಲ್ಲ, ಅಂದರೆ ಎಲ್ಲರೂ ಅದನ್ನೇ ನೋಡುತ್ತಿದ್ದರು. ಕೊನೆಗೆ ಮೈದುನ ಕೈ ಚಾಚಿದ.

"ಆರಿದ್ರೆ ವಾಸನೆ ಬರುತ್ತೆ," ಅಂದ, ಯಾರೂ ಏನೂ ಕೇಳದಿದ್ದರೂ.

"ತಿನ್ನು ತಿನ್ನು. ದಂಡ ಯಾಕೆ ಮಾಡೋದು," ಅಂದರು ಮಾವ.

ಅವನ ತುಟಿಯಂಚಿಗೆ ಅಂಟಿದ ಹಳದಿ ಪುಡಿ ನೋಡಿ ಸೊಸೆ ತನ್ನ ತಟ್ಟೆ ದೂಡಿದಳು. ಗಂಡ ಹೋದಂದಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಬರುತ್ತಿದ್ದದ್ದು ಓಕರಿಕೆ. ಅತ್ತೆ ಎರಡು ಸಲ ಕಿವಿಯ ಹತ್ತಿರ ಬಂದು, "ಏನಾದ್ರೂ ವಿಶೇಷವೇನಮ್ಮ?" ಎಂದು ಆಸೆಯಿಂದ ಕೇಳಿದ್ದರು. ವಿಶೇಷ ಏನೂ ಇರಲಿಲ್ಲ.

ಆಗ ಒಳಗಿನಿಂದ ಸಣ್ಣಗೆ 'ಕೀಂ' ಎಂದು ಸದ್ದಾಯಿತು. ನಿಮಿಷ ಕಳೆದು ಇನ್ನೊಮ್ಮೆ.

"ಇಲಿಮರಿ," ಅಂದರು ಅತ್ತೆ.

"ಇಲಿ ಇಷ್ಟು ಲೆಕ್ಕವಾಗಿ ಕೂಗುತ್ತೇನೇ?" ಎಂದು ಮಾವ ಗಡಿಯಾರ ನೋಡಿದರು. ಇಡೀ ಆಯುಷ್ಯ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಇಲಿಯಾದರೂ ಸರಿ, ಲೆಕ್ಕ ಲೆಕ್ಕವೇ.

ಮೈದುನ ಎದ್ದುಹೋಗಿ ಅಣ್ಣನ ಕೆಲಸದ ಚೀಲ ತಂದ. ಒಳಗಿನಿಂದ ಅಂಗೈಯಗಲದ ಹಳದಿ ಯಂತ್ರ ತೆಗೆದು ಮೇಜಿನ ಮೇಲಿಟ್ಟ. "ಬ್ಯಾಟರಿ ಮುಗೀತಾ ಬಂದಿದೆ, ಅದಕ್ಕೇ ಕೂಗ್ತಿದೆ. ಇದು ಅಣ್ಣನ ಆಫೀಸಿನದಲ್ಲ ಅತ್ತಿಗೆ. 'ಒಳಚರಂಡಿ ವಿಭಾಗ' ಅಂತ ಬರೆದಿದೆ."

"ಚರಂಡಿದನ್ನ ತಂದು ತಿನ್ನೋ ಮೇಜಿನ ಮೇಲೆ ಇಟ್ಟೆಯೇನೋ!" ಅತ್ತೆ ಎದ್ದೇ ನಿಂತರು. "ತೆಗಿ ಮೊದಲು. ಯಾರ ಯಾರ ಹೇಲು ಕಂಡಿದೆಯೋ ಅದು."

ಮೇಜನ್ನು ಫಿನಾಯಿಲ್ ಹಾಕಿ ಎರಡು ಸಲ ಒರೆಸಿದ್ದಾಯಿತು. ಯಂತ್ರ ಎಲ್ಲಿಗೆ ಹೋಯಿತೆಂದು ಸೊಸೆ ಕೇಳಲಿಲ್ಲ. ಕೇಳಬೇಕಿತ್ತು. ಅದು ಏಕೆ ಮನೆಗೆ ಬಂದಿತ್ತೆಂದು ಗೊತ್ತಿದ್ದವಳು ಅವಳೊಬ್ಬಳೇ.

ಅವಳ ಗಂಡ ಆಡಿಟ್ ಸಂಸ್ಥೆಯೊಂದರಲ್ಲಿದ್ದ. ನೆಲದಡಿಯಲ್ಲಿ ನಲವತ್ತಾರು ಕಿಲೋಮೀಟರ್ ಹಾದುಹೋಗುವ ಗ್ಯಾಸ್ ಪೈಪಿನ ತಪಾಸಣೆ ಅವನ ಪಾಲಿಗೆ ಬಂದಿತ್ತು: ಪೈಪು ಸೋರುತ್ತಿದೆಯೇ, ಸುತ್ತಲಿನ ಮಣ್ಣು, ನೀರು, ಗಿಡ ಕೆಡುತ್ತಿವೆಯೇ ಎಂದು ನಡೆದು ನೋಡಿ ಬರೆಯುವುದು. ಸಂಸ್ಥೆಗೆ ಹಣ ಕೊಡುತ್ತಿದ್ದದ್ದು ಪೈಪಿನ ಕಂಪನಿಯೇ. ಕಳ್ಳನೇ ಕಾವಲುಗಾರನಿಗೆ ಅನ್ನ ಹಾಕಿದ ಹಾಗೆ ಎಂದು ಅವನೇ ನಗುತ್ತಿದ್ದ.

ಒಂದು ಸಂಜೆ ಅವನು ಪೈಪಿನ ಗುರುತಿಗೆ ನೆಟ್ಟ ಹದಿನೇಳನೆಯ ಕಂಬದ ಹತ್ತಿರ, ಕಾರ್ಖಾನೆಯವರ ಮನೆಗಳ ಹಿಂದೆ ಒಣಗಿದ್ದ ಹುಲ್ಲನ್ನು ಬೇರುಸಹಿತ ಪತ್ರಿಕೆಯಲ್ಲಿ ಸುತ್ತಿ ತಂದಿದ್ದ. "ನೀನು ಗಿಡದ ಡಾಕ್ಟರಲ್ವಾ, ನೋಡು, ಏನು ರೋಗ?" ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಬೇರು ಕಪ್ಪಗಾಗಿತ್ತು, ಹುಳುವಿಲ್ಲ, ಬೂಷ್ಟಿಲ್ಲ. "ರೋಗ ಅಲ್ಲ. ಉಸಿರು ಕಟ್ಟಿದೆ. ಮಣ್ಣಿನೊಳಗಿನ ಗಾಳಿಯನ್ನ ಬೇರೆ ಏನೋ ದೂಡಿದೆ." ಆದರೆ ಅಲ್ಲಿ ಗ್ಯಾಸು ಅಳೆಯುವ ಮೀಟರು ಸೊನ್ನೆ ತೋರಿಸಿತ್ತು. ಅವನು ಎದ್ದು ಅಡುಗೆಮನೆಗೆ ಹೋಗಿ, ಬೆಂಕಿ ಹಚ್ಚದೆ ಒಲೆಯ ಗುಂಡಿ ತಿರುಗಿಸಿ ಆಫೀಸಿನ ಮೀಟರನ್ನು ಅದರ ಮೇಲೆ ಹಿಡಿದ. ಗ್ಯಾಸು ಬುಸುಗುಟ್ಟುತ್ತಿತ್ತು. ಮೀಟರು ಸೊನ್ನೆಯನ್ನೇ ತೋರಿಸಿತು. "ಹುಚ್ಚೇನ್ರೀ ನಿಮಗೆ!" ಎಂದು ಅವಳೇ ಗುಂಡಿ ಮುಚ್ಚಿ ಕಿಟಕಿ ತೆಗೆದಿದ್ದಳು. ಮರುದಿನ ಅವನು ಚರಂಡಿ ಮೇಸ್ತ್ರಿಯೊಬ್ಬನಿಂದ ಈ ಹಳದಿ ಮೀಟರನ್ನು ಎರಡು ದಿನಕ್ಕೆಂದು ಕೇಳಿ ತಂದ. ಮೂರನೆಯ ದಿನ ಲಾರಿಯೊಂದು ಅವನ ಬೈಕಿಗೆ ಬಡಿಯಿತು. ಲಾರಿಯವನು ತೂಕಡಿಸಿದ್ದ. ಅದರಲ್ಲಿ ಯಾವ ಗುಟ್ಟೂ ಇರಲಿಲ್ಲ.

ಎರಡನೆಯ ವಾರ ಗಂಡನ ಮೇಲಧಿಕಾರಿ ಹಣ್ಣಿನ ಬುಟ್ಟಿ ಹಿಡಿದು ಬಂದ. ಬುಟ್ಟಿಗೆ ಸುತ್ತಿದ ಹೊಳೆಯುವ ಹಾಳೆಯೊಳಗೆ ದ್ರಾಕ್ಷಿ ಬೆವೆತಿತ್ತು.

"ಚಿನ್ನದಂಥ ಮನುಷ್ಯ. ಅಂಥವನು ಸಾವಿರಕ್ಕೊಬ್ಬ," ಅಂದ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ತುಂಡಾಗಿ ಬೀಳುವ ಮೊದಲು ಕೊರಳು ಮುಂದೆ ಚಾಚಿ ಬಾಯಿಗೆ ಹಾಕಿಕೊಂಡ. "ಈಗ ನೋಡಿ, ಅವನ ಕೊನೇ ಕೆಲಸ ಅರ್ಧಕ್ಕೆ ನಿಂತಿದೆ. ಅವನ ಸೈಟ್ ನೋಟ್‌ಬುಕ್ಕು ಸಿಕ್ಕಿದ್ರೆ ನಾವೇ ಪೂರೈಸ್ತೀವಿ. ಹೆಸರು ಅವನದೇ ಹಾಕ್ತೀವಿ. ಅದೊಂದು ಗೌರವ."

"ಓದಿ ಕೊಡ್ತೀನಿ," ಅಂದಳು ಸೊಸೆ.

"ಅದರಲ್ಲಿ ನಿಮಗೆ ಓದೋವಂಥದ್ದು ಏನಿರುತ್ತಮ್ಮ? ಬರೀ ಅಂಕಿ." ಇನ್ನೊಂದು ಬಿಸ್ಕತ್ತು ತೆಗೆದುಕೊಂಡ. "ಹಾಂ, ಚಿಕ್ಕವನಿಗೆ ಕೆಲಸ ಇಲ್ಲ ಅಂತ ಕೇಳಿದೆ. ಅಣ್ಣನ ಜಾಗ ಖಾಲಿ ಇದೆ. ನಾನು ಮಾತಾಡ್ತೀನಿ."

ಅವನು ಹೋದ ಮೇಲೆ ಅತ್ತೆ ಬಾಗಿಲು ದೂಡಿ, "ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಬದುಕಿದ್ದಾಗ ಜ್ವರ ಬಂದ್ರೂ ರಜ ಕೊಡದ ಮುಂಡೇದು, ಈಗ ಚಿನ್ನವಂತೆ," ಅಂದರು. ಸೊಸೆಗೆ ಆ ಕ್ಷಣ ಅತ್ತೆಯ ಮೇಲೆ ಪ್ರೀತಿ ಉಕ್ಕಿತು.

ಅದು ಮರುದಿನ ಮಧ್ಯಾಹ್ನದವರೆಗೆ ಉಳಿಯಿತು. ರಜೆ ಮುಂದುವರಿಸಲೆಂದು ಅವಳು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಚೀಲದಲ್ಲಿದ್ದ ನೋಟ್‌ಬುಕ್ಕು ಇರಲಿಲ್ಲ.

"ಆಫೀಸಿನ ಜವಾನ ಬಂದಿದ್ದ, ಕೊಟ್ಟೆ," ಅತ್ತೆ ಆಲೂಗಡ್ಡೆ ಹೆಚ್ಚುತ್ತಾ ಹೇಳಿದರು. ತಲೆ ಎತ್ತಲಿಲ್ಲ.

"ಓದಿ ಕೊಡ್ತೀನಿ ಅಂದಿದ್ದೆ ಅತ್ತೆ."

"ಓದಿ ಏನು ಮಾಡ್ತೀಯ? ಅವನು ಎದ್ದು ಬರ್ತಾನಾ?"

"ಅದು ಅವರದು."

"ನನ್ನ ಮಗನದು ತಾಯಿ. ನಿನ್ನ ಗಂಡನಾಗಿದ್ದು ಮೂರು ವರ್ಷ, ನನ್ನ ಮಗನಾಗಿದ್ದು ಮೂವತ್ತೆರಡು." ಚಾಕು ಹಲಗೆಗೆ ಬಡಿಯಿತು. "ಉಳಿದವನಿಗೊಂದು ದಾರಿ ಆಗ್ಲಿ ಅಂತ ಕೊಟ್ಟೆ. ತಪ್ಪಾದ್ರೆ ನನ್ನ ತಲೆ ಮೇಲಿರ್ಲಿ."

ಆ ದಿನದ ಆಲೂಗಡ್ಡೆಯನ್ನು ಅವಳು ತಟ್ಟೆಯ ಅಂಚಿಗೆ ಸರಿಸಿಟ್ಟಳು. ಹಣ್ಣಿನ ಬುಟ್ಟಿ ಮೇಜಿನ ಮೇಲೆ ಕೊಳೆಯತೊಡಗಿತ್ತು, ಸಣ್ಣ ನೊಣಗಳು ಮುತ್ತುತ್ತಿದ್ದವು. ಅದನ್ನು ಎಸೆಯಲು ಯಾರಿಗೂ ಮನಸ್ಸಿಲ್ಲ. ಸಾಹೇಬರು ಕೊಟ್ಟದ್ದು.

ಮೂರನೆಯ ವಾರ ಒಂದು ಬೆಳಗ್ಗೆ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಸೊಸೆ ಕೋಣೆಯಲ್ಲಿ ಮಲಗಿದ್ದಳು. ಕಿಟಕಿ ತೆರೆದಿತ್ತು.

"ತಾಯಿ, ತಪ್ಪು ತಿಳೀಬೇಡಿ, ದುಃಖದಲ್ಲಿದ್ದೀರಿ. ನಾನು ಚರಂಡಿ ಮೇಸ್ತ್ರಿ. ನಿಮ್ಮ ಮನೆ ಸಾಹೇಬರು ನಮ್ಮ ಮೀಟರು ತಗೊಂಡಿದ್ರು. ಎರಡು ದಿನ ನಮಗೆ ಕೆಲಸ ಇರ್ಲಿಲ್ಲ, ಅದಕ್ಕೇ ಕೊಟ್ಟೆ."

"ಯಾವ ಮೀಟರು?" ಅತ್ತೆಯ ದನಿ.

"ಹಳದಿದು, ಎದೆಗೆ ಸಿಕ್ಕಿಸ್ಕೊಳ್ಳೋದು. ಗುಂಡಿ ಒಳಗೆ ಕೆಟ್ಟ ಗಾಳಿ ಇದ್ರೆ ಕೂಗುತ್ತೆ. ನಮ್ಮ ಹತ್ತಿರ ಇರೋದು ಅದೊಂದೇ."

"ಅಂಥದ್ದೇನೂ ನಮ್ಮನೇಲಿಲ್ಲಪ್ಪ. ಆಫೀಸಿನವರು ಬಂದು ಎಲ್ಲ ತಗೊಂಡು ಹೋದ್ರು."

"ಹೌದಾ." ಅವನು ಮತ್ತೆ ಕೆಮ್ಮಿದ. "ಒಂದ್ಸಲ ಹುಡುಕಿ ನೋಡಿ ತಾಯಿ. ಈಗ ನಾವು ಮುಚ್ಚಳ ತೆಗೆದು ಒಂದು ಗಂಟೆ ಕಾಯ್ತೀವಿ. ಆಮೇಲೆ ದೇವರಿಟ್ಟ ಹಾಗೆ ಅಂತ ಇಳಿಯೋದು."

"ನೋಡ್ತೀವಿ. ಸಿಕ್ಕಿದ್ರೆ ಹೇಳಿ ಕಳಿಸ್ತೀವಿ. ಗೇಟಿಂದ ಸ್ವಲ್ಪ ಆಚೆ ನಿಂತ್ಕೋಪ್ಪ, ಬಟ್ಟೆ ಒಣಗ್ತಿದೆ."

ಸೊಸೆ ಎಲ್ಲವನ್ನೂ ಕೇಳಿದಳು. ಎದ್ದು ಹೋಗಿ 'ಇದೆ' ಅನ್ನಲು ಹತ್ತು ಹೆಜ್ಜೆ ಸಾಕಿತ್ತು. ಗೋಡೆಯ ಕಡೆ ಹೊರಳಿದಳು. ಮೇಸ್ತ್ರಿಯ ಚಪ್ಪಲಿಯ ಸದ್ದು ರಸ್ತೆಯಲ್ಲಿ ಕರಗಿತು.

"ಯಾಕೆ ಸುಳ್ಳು ಹೇಳಿದ್ರಿ?" ಎಂದು ಮಧ್ಯಾಹ್ನ ಕೇಳಿದಳು.

"ನೀನು ಎಚ್ಚರ ಇದ್ಯಾ?" ಅತ್ತೆ ಅವಳನ್ನೇ ನೋಡಿದರು. "ಹಾಗಿದ್ರೆ ನೀನೇ ಎದ್ದು ಬರ್ಬೇಕಿತ್ತು. ಚರಂಡಿಯವರ ಹತ್ತಿರ ಸಾಲ ತಂದಿದ್ದ ಅಂತ ಆಫೀಸಿಗೆ ಗೊತ್ತಾದ್ರೆ ಚಿಕ್ಕವನ ಕೆಲಸಕ್ಕೆ ಕಲ್ಲು. ಅಷ್ಟೇ ನನ್ನ ತಲೇಲಿದ್ದದ್ದು."

ಆ ಮಾತಿನ ಮೊದಲರ್ಧ ನಿಜವಾಗಿತ್ತು.

ಐದನೆಯ ವಾರ ಮೈದುನನಿಗೆ ಅಣ್ಣನ ಕೆಲಸ ಸಿಕ್ಕಿತು. ಅಣ್ಣನ ಕುರ್ಚಿ, ಅಣ್ಣನ ಹೆಲ್ಮೆಟ್ಟು, ಅಣ್ಣನ ಮೀಟರು. ಎರಡೇ ದಿನದಲ್ಲಿ ಮಿಠಾಯಿ ಪೊಟ್ಟಣ ಹಿಡಿದು ಬಂದ.

"ಮೂವತ್ತೊಂದು ಕಡೆ ಅಳೆದೆ, ಮೂವತ್ತೊಂದೂ ಸೊನ್ನೆ," ಎಂದು ಎಲ್ಲರ ಕೈಗೂ ಒಂದೊಂದು ಇಟ್ಟ. "ನಾಳೆ ರಿಪೋರ್ಟು ಕಂಪನಿಗೆ ಹೋಗುತ್ತೆ. ಮುಂದಿನ ವಾರ ಪೈಪಿನ ಒತ್ತಡ ಏರಿಸ್ತಾರಂತೆ. ಸಾಹೇಬರು ಭುಜ ತಟ್ಟಿದ್ರು."

"ನಲವತ್ತಾರು ಕಿಲೋಮೀಟರನ್ನ ಎರಡೇ ದಿನದಲ್ಲಿ ನಡೆದ್ಯಾ?" ಅಂದಳು ಅತ್ತಿಗೆ.

"ನಡೆಯೋದು ಯಾರು ಅತ್ತಿಗೆ? ಚಹಾದಂಗಡೀಲಿ ಕೂತು ಫಾರಂ ತುಂಬಿದ್ವಿ. ಎಲ್ಲರೂ ಹಾಗೇ ಮಾಡೋದು. ಅಣ್ಣ ಒಬ್ಬನೇ ಬಿಸಿಲಲ್ಲಿ ಸಾಯ್ತಿದ್ದ." ಮಾತು ಬಾಯಿಂದ ಜಾರಿದ ಮೇಲೆ ನಾಲಗೆ ಕಚ್ಚಿಕೊಂಡ.

ಅವಳ ಅಂಗೈಯಲ್ಲಿ ಮಿಠಾಯಿ ಜಿಡ್ಡಾಗುತ್ತಿತ್ತು. ತಟ್ಟೆಯಲ್ಲಿಟ್ಟು ಕೈ ತೊಳೆದಳು. ಮತ್ತೊಮ್ಮೆ ತೊಳೆದಳು.

"ಹದಿನೇಳನೇ ಕಂಬದ ಹತ್ತಿರಾನೂ ಸೊನ್ನೇನಾ?"

"ಎಲ್ಲ ಕಡೆ ಸೊನ್ನೆ ಅಂದ್ನಲ್ಲ."

"ಬಾ ಇಲ್ಲಿ. ಮೀಟರು ತಗೊಂಡು ಬಾ."

ಒಲೆಯ ಮುಂದೆ ನಿಲ್ಲಿಸಿ ಅವಳು ಗುಂಡಿ ತಿರುಗಿಸಿದಳು. ಬೆಂಕಿ ಹಚ್ಚಲಿಲ್ಲ. "ಹಿಡಿ ಮೇಲೆ."

ಮೈದುನ ಹಿಡಿದ. ಗ್ಯಾಸು ಬುಸುಗುಟ್ಟಿತು. ಮೀಟರಿನ ಕಿಟಕಿಯಲ್ಲಿ ಸೊನ್ನೆ ಅಲುಗದೆ ಕೂತಿತ್ತು.

"ವಾಸನೆ! ಅಯ್ಯೋ ವಾಸನೆ!" ಅತ್ತೆ ಓಡಿಬಂದು ಗುಂಡಿ ಮುಚ್ಚಿದರು. "ಮನೆ ಸುಟ್ಟುಬಿಡ್ತೀರೇನೇ!"

"ನೋಡಿ, ಅತ್ತೆಯ ಮೂಗಿಗೆ ಗೊತ್ತಾಯ್ತು. ಇದಕ್ಕೆ ಗೊತ್ತಾಗಲಿಲ್ಲ."

"ಸರಿ, ಮೂಗಿದೆಯಲ್ಲ," ಬಾಗಿಲಲ್ಲಿ ನಿಂತಿದ್ದ ಮಾವ ಅಂದರು. "ಅಲ್ಲೂ ಸೋರಿದ್ರೆ ಜನಕ್ಕೆ ವಾಸನೆ ಬರಲ್ವೇನಮ್ಮ?"

"ಬರಲ್ಲ ಮಾವ. ಈ ಪೈಪಿನ ಗ್ಯಾಸಿಗೆ ವಾಸನೆಯೇ ಇಲ್ಲ. ಮನೆಗಳಿಗೆ ಕೊಡುವಾಗ ವಾಸನೆ ಸೇರಿಸ್ತಾರೆ. ಹದಿನೇಳನೇ ಕಂಬದ ಪಕ್ಕದಲ್ಲಿ ಕಾರ್ಖಾನೆಯವರ ಹದಿನಾಲ್ಕು ಮನೆ ಇವೆ. ಅವರಿಗೆ ಕಾಣೋದು ಒಣಗಿದ ಹುಲ್ಲು ಮಾತ್ರ."

ಮಾವ ಕೈ ಚಾಚಿ ಮೀಟರು ಇಸಿದುಕೊಂಡರು. ಬೆಳಕಿಗೆ ಹಿಡಿದು ಬೆನ್ನ ಕಡೆ ತಿರುಗಿಸಿದರು. ಪರೀಕ್ಷೆ ಮಾಡಿದ ದಿನಾಂಕದ ಚೀಟಿ ಅಂಟಿತ್ತು, ಹೋದ ತಿಂಗಳದ್ದು. ನಲವತ್ತು ವರ್ಷ ಅಂಗಡಿಗಳ ತಕ್ಕಡಿ ತಿರುಗಿಸಿ ನೋಡಿದ ಬೆರಳು ತಾನಾಗಿ ಕೆಲಸಕ್ಕಿಳಿಯಿತು. ಚೀಟಿಯ ಮೂಲೆಗೆ ಹೆಬ್ಬೆರಳಿನ ಉಗುರು ಕೊಟ್ಟು ಎಬ್ಬಿಸಿದರು. ಅಡಿಯಲ್ಲಿ ಹೋದ ವರ್ಷದ ಚೀಟಿ. ಅದರಡಿಯಲ್ಲಿ ಅದರ ಹಿಂದಿನ ವರ್ಷದ್ದು. ಅದರಡಿಯಲ್ಲಿ ಇನ್ನೊಂದು, ಅಂಟು ಕಪ್ಪಾಗಿತ್ತು. ಎಲ್ಲದರ ಮೇಲೂ ಒಂದೇ ಕೈಯ, ಒಂದೇ ಶಾಯಿಯ ಸಹಿ.

"ಪರೀಕ್ಷೆ ಮಾಡಿಲ್ಲ. ಚೀಟಿ ಮಾತ್ರ ಅಂಟಿಸಿದ್ದಾರೆ," ಅಂದರು, ತಮ್ಮಷ್ಟಕ್ಕೇ.

"ನಿಮ್ಮ ಕಾಲದಲ್ಲಿ ಇಂಥ ತಕ್ಕಡಿ ಸಿಕ್ಕಿದ್ರೆ ಏನು ಮಾಡ್ತಿದ್ರಿ ಮಾವ?"

"ಬೀದಿಗೆ ಎಸೀತಿದ್ದೆ. ಅಂಗಡಿಗೆ ಬೀಗ."

ಅವಳು ಕಾದಳು. ಮಾವ ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದ. ಮಾವ ಹೆಬ್ಬೆರಳಿಗೆ ಉಗುಳು ಹಚ್ಚಿ ಚೀಟಿಯ ಮೂಲೆಯನ್ನು ಒದ್ದೆ ಮಾಡಿದರು. ಇದ್ದ ಹಾಗೆ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ನಿಧಾನವಾಗಿ ಒತ್ತಿ ಸಪಾಟು ಮಾಡಿದರು. ಅಷ್ಟು ಅಚ್ಚುಕಟ್ಟಾಗಿ ಅವರು ಏನನ್ನೂ ಅಂಟಿಸಿದ್ದನ್ನು ಅವಳು ನೋಡಿರಲಿಲ್ಲ.

"ಅವನಿಗೀಗ ತಾನೇ ಕೆಲಸ ಸಿಕ್ಕಿದೆ," ಅಂದು ಮೀಟರನ್ನು ಮಗನ ಕೈಗೆ ವಾಪಸು ಕೊಟ್ಟರು. "ಆರು ತಿಂಗಳು ಹೋಗ್ಲಿ. ಖಾಯಂ ಆಗ್ಲಿ. ಆಮೇಲೆ ಅವನೇ ಸರಿ ಮಾಡ್ತಾನೆ."

ಅವಳು ಹಿತ್ತಲಿಗೆ ಹೋಗಿ ತೊಟ್ಟಿಯ ಹತ್ತಿರ ಕಕ್ಕಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಕಹಿ ನೀರು ಬಂತು. ಬಾಯಿ ಮುಕ್ಕಳಿಸಲು ಬಗ್ಗಿದಾಗ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಹಳೆಯ ಎಣ್ಣೆ ಡಬ್ಬಿಯೊಳಗೆ ಹಳದಿ ಕಂಡಿತು.

ಡಬ್ಬಿಯಲ್ಲಿ ಮಳೆನೀರು ನಿಂತಿರಲಿಲ್ಲ, ಅದೊಂದು ಪುಣ್ಯ. ಮೀಟರಿನ ಚರ್ಮದ ಚೀಲದೊಳಗೆ ಮಡಿಸಿದ ಚೀಟಿ ಇತ್ತು: ಸಾಲ ಪಡೆದವರು, ಅಲ್ಲಿ ಗಂಡನ ಸಹಿ; ಅವಧಿ: ಎರಡು ದಿನ. ಕೆಳಗೆ ಅಚ್ಚಾದ ಸಾಲು: 'ಪ್ರತಿ ಸಲ ಬಳಸಿದ ಜಾಗ ಮತ್ತು ವೇಳೆ ಬರೆಯತಕ್ಕದ್ದು. ಮರಳಿಸಿದಾಗ ಯಂತ್ರದೊಳಗಿನ ಅಂಕಿಗಳನ್ನು ರಿಜಿಸ್ಟರಿಗೆ ಏರಿಸತಕ್ಕದ್ದು.' ಗಂಡನ ಸಣ್ಣ ಅಕ್ಷರದಲ್ಲಿ ನಾಲ್ಕು ಜಾಗ, ನಾಲ್ಕು ವೇಳೆ ಇದ್ದವು. ಕೊನೆಯದು: ಹದಿನೇಳು-ಹದಿನೆಂಟು ಕಂಬದ ನಡುವೆ, ಮನೆಗಳ ಹಿಂದೆ, ಹಾರೆಯಿಂದ ತೂತು ಮಾಡಿ, ಬೆಳಗ್ಗೆ ಹತ್ತೂ ಇಪ್ಪತ್ತು.

ಮೀಟರನ್ನು ಸೆರಗಿನಲ್ಲಿ ಒರೆಸಿಕೊಂಡು ಅವಳು ಒಳಗೆ ಬಂದಾಗ ಮೂವರೂ ಮೇಜಿನ ಹತ್ತಿರವೇ ಇದ್ದರು.

"ಎಲ್ಲಿಗೆ ಅತ್ತಿಗೆ?"

"ಕೊಟ್ಟು ಬರೋಕೆ."

ಮೈದುನ ಬಾಗಿಲಿಗೆ ಅಡ್ಡ ಬಂದ. ಬಂದವನು ಅವಳ ಕೈಯಲ್ಲಿದ್ದ ಸಾಲದ ಚೀಟಿ ನೋಡಿದ, ಓದು ಬರದವನೇನಲ್ಲ. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಮೂವತ್ತೊಂದಕ್ಕೂ ಸಹಿ ಹಾಕಿರೋದು ನಾನು. ಮೊದಲು ಬೀಳೋದು ನನ್ನ ತಲೆ. ಸಾಹೇಬರಿಗೆ ಏನೂ ಆಗಲ್ಲ."

"ಗೊತ್ತು."

"ಗೊತ್ತಿದ್ದೂ ಹೋಗ್ತೀರಾ?"

"ಈಗಲೇ ಆಫೀಸಿಗೆ ಹೋಗಿ ನಿನ್ನ ಸಹಿ ನೀನೇ ಹೊಡೆದು ಹಾಕು. ರಿಪೋರ್ಟು ಇನ್ನೂ ಹೋಗಿಲ್ಲ ಅಂದೆಯಲ್ಲ."

ಅವನು ಅಪ್ಪನ ಕಡೆ ತಿರುಗಿದ. ಅಪ್ಪ ಕನ್ನಡಕ ಒರೆಸುತ್ತಿದ್ದರು.

"ಒಬ್ಬ ಹೋದ," ಅತ್ತೆ ಕೂತಲ್ಲಿಂದಲೇ ಅಂದರು, ಕೂಗಲಿಲ್ಲ. "ಇನ್ನೊಬ್ಬನ ಅನ್ನಕ್ಕೆ ಮಣ್ಣು ಹಾಕಿ ಬಂದು ಈ ಮೇಜಿನಲ್ಲಿ ನನ್ನ ಎದುರಿಗೆ ಕೂತು ಉಣ್ತೀಯೇನೇ?"

"ಐದು ವಾರದಿಂದ ಉಣ್ತಿದ್ದೀನಲ್ಲ ಅತ್ತೆ," ಅಂದಳು ಸೊಸೆ. ಮೈದುನ ತಾನಾಗಿ ಬದಿಗೆ ಸರಿದ.

ಒಳಚರಂಡಿ ವಿಭಾಗದ ಅಂಗಳದಲ್ಲಿ ರಬ್ಬರ್ ಬೂಟುಗಳನ್ನು ತೊಳೆದು ಬೇಲಿಗೂಟಗಳಿಗೆ ತಲೆಕೆಳಗಾಗಿ ಸಿಕ್ಕಿಸಿದ್ದರು. ಸೊಂಟಕ್ಕೆ ಹಗ್ಗ ಬಿಗಿದ ಒಬ್ಬ ಲಾರಿಯ ಮೇಲೆ ಕೂತು ಕಾಯುತ್ತಿದ್ದ. ಮೇಸ್ತ್ರಿ ಅವಳನ್ನು ನೋಡಿ ಎದ್ದ. ಅವಳ ಕೈಯಲ್ಲಿದ್ದದ್ದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಕುರ್ಚಿ ಎಳೆದು ಹಾಕಿದ, ಮೀಟರನ್ನು ಚಾರ್ಜಿಗೆ ಸಿಕ್ಕಿಸಿದ.

"ಹತ್ತು ನಿಮಿಷ ಆಗುತ್ತೆ ತಾಯಿ. ಚಹಾ ಕುಡೀತೀರಾ? ಬೇಡ ಅಂದ್ರೆ ಬೇಡ."

"ಕೊಡಿ," ಅಂದಳು.

ಮೂಲೆಯಲ್ಲಿ ಇನ್ನೊಬ್ಬ ಮುದುಡಿ ಕೂತು ಹಗ್ಗದ ಸುರುಳಿ ಸುತ್ತುತ್ತಿದ್ದ, ಸುತ್ತು ತಪ್ಪುತ್ತಿತ್ತು. "ನನ್ನ ತಂಗಿ ಗಂಡ," ಮೇಸ್ತ್ರಿ ಹೇಳಿದ. "ಹೋದ ವಾರ ಗುಂಡೀಲಿ ಬಿದ್ದ. ಒಂದು ಗಂಟೆ ಕಾದಿದ್ವಿ, ಆದ್ರೂ. ಎಳೆದು ಹಾಕಿದ್ವಿ, ಉಳಿದ. ತಲೆನೋವು ಮಾತ್ರ ಹೋಗಿಲ್ಲ, ಕೈ ನಡುಗುತ್ತೆ."

ಅವಳು ಚಹಾ ಕೆಳಗಿಟ್ಟಳು. ಅದರ ಮೇಲೆ ಕೆನೆ ಕಟ್ಟತೊಡಗಿತ್ತು. ಮತ್ತೆ ಎತ್ತಿ ಪೂರ್ತಿ ಕುಡಿದಳು.

ಮೀಟರು ಎಚ್ಚರಗೊಂಡಿತು. ಮೇಸ್ತ್ರಿ ಕನ್ನಡಕ ಹಾಕಿ, ಚೀಟಿ ಒಂದು ಕೈಯಲ್ಲಿ ಹಿಡಿದು, ಗುಂಡಿ ಒತ್ತುತ್ತಾ ಹೋದ. ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಾ ಗಟ್ಟಿಯಾಗಿ ಓದಿದ. "ಸೊನ್ನೆ. ಎರಡು. ಸೊನ್ನೆ. ಹತ್ತೂ ಇಪ್ಪತ್ತಕ್ಕೆ..." ನಿಂತ. "ನಲವತ್ತೊಂದು. ಇದು ಯಾವ ಗುಂಡಿ ತಾಯಿ? ಹತ್ತು ದಾಟಿದ್ರೆ ನಾವು ಕಾಲೇ ಇಡಲ್ಲ."

"ಗುಂಡಿ ಅಲ್ಲ. ಬಯಲು. ಕೆಳಗೆ ಗ್ಯಾಸ್ ಪೈಪಿದೆ. ಪಕ್ಕದಲ್ಲಿ ಹದಿನಾಲ್ಕು ಮನೆ."

"ಮನೆ? ಜನ ಇರೋದಾ?" ಅವನು ರಿಜಿಸ್ಟರಿನ ಮೇಲೆ ಪೆನ್ನು ಬಿಟ್ಟು ಫೋನಿಗೆ ಕೈ ಹಾಕಿದ. "ಹತ್ತು ದಾಟಿದ್ದು ಸಿಕ್ಕಿದ್ರೆ ಅಗ್ನಿಶಾಮಕದವರಿಗೆ ಹೇಳ್ಲೇಬೇಕು, ನಮ್ಮ ನಿಯಮ. ಐದು ವಾರ ಹಳೇದಾದ್ರೂ ನಿಯಮ ನಿಯಮಾನೇ." ಆ ಕಡೆಯವರಿಗೆ ಜಾಗ, ಕಂಬದ ಸಂಖ್ಯೆ, ಅಂಕಿ ಎಲ್ಲವನ್ನೂ ಎರಡು ಸಲ ಹೇಳಿದ. ಹೌದು, ಬರೆದಿದೆ, ರಿಜಿಸ್ಟರಿನಲ್ಲಿದೆ. ಹೌದು, ಅಳೆದವರ ಸಹಿಯೂ ಇದೆ.

ಹಗ್ಗ ಕಟ್ಟಿಕೊಂಡವನು ಬಂದು ಮೀಟರನ್ನು ತೆಗೆದು ಎದೆಗೆ ಸಿಕ್ಕಿಸಿಕೊಂಡ. ಅದನ್ನು ಒರೆಸಲೂ ಇಲ್ಲ. ಲಾರಿ ಹೊರಟಿತು.

ಮೇಸ್ತ್ರಿ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದ. "ಇಲ್ಲಿ ಮರಳಿಸಿದವರ ಸಹಿ. ಇಲ್ಲಿ ತಡವಾದ ಕಾರಣ." ಪೆನ್ನು ಚಾಚಿ, "ಪಡೆದವರು ತೀರಿಕೊಂಡರು ಅಂತ ಬರೀರಿ ತಾಯಿ, ಸಾಕು. ಯಾರೂ ಏನೂ ಕೇಳಲ್ಲ."

ಮೂಲೆಯಲ್ಲಿದ್ದವನು ಸುರುಳಿ ಬಿಚ್ಚಿ ಮತ್ತೆ ಮೊದಲಿಂದ ಸುತ್ತತೊಡಗಿದ್ದ. ಅವಳು ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಪಕ್ಕದ ಕಾಲಮಿನಲ್ಲಿ, ಅಕ್ಷರ ಚಿಕ್ಕದು ಮಾಡಿ ಬರೆದಳು:

ಮನೆಯಲ್ಲೇ ಇತ್ತು. ಕೇಳಲು ಬಂದಿದ್ದರು. ಕೊಡಲಿಲ್ಲ.